ಬ್ಯಾಂಕಿನ ಮೋಸಕ್ಕೆ ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ದಾವೆ ನಿಲ್ಲುತ್ತದೆಯೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮನೆ ಸಾಲದ ಕಂತು ಇಳಿಸಿಕೊಡುತ್ತೇವೆ ಎನ್ನುತ್ತಲೇ ಬ್ಯಾಂಕು ಹರಾಜಿನ ನೋಟಿಸ್ ಕಳಿಸಿದೆ. ಇದು ಮೋಸವೆಂದು ಫೆಡರಲ್ ಕೋರ್ಟಿಗೆ ಹೋಗಬಹುದೇ?

ಹೋಗಬಹುದು. ಆದರೆ ‘ಮೋಸ’ ಎಂದು ದಾವೆಯಲ್ಲಿ ಬರೆದ ಕೂಡಲೇ ನಿಮ್ಮ ಹೊರೆ ಹೆಚ್ಚುತ್ತದೆ. ಫೆಡರಲ್ ಸಿವಿಲ್ ನಿಯಮ 9(ಬಿ) ಪ್ರಕಾರ ಯಾರು, ಯಾವಾಗ, ಎಲ್ಲಿ, ಏನು ಹೇಳಿದರು, ಅದು ಹೇಗೆ ಸುಳ್ಳು ಎಂಬುದನ್ನು ಬಿಡಿಸಿ ಬರೆಯಬೇಕು. ‘ನಂಬಿಸಿ ಕತ್ತು ಕೊಯ್ದರು’ ಎಂದಷ್ಟೇ ಬರೆದರೆ ಸಾಕ್ಷ್ಯದ ಹಂತಕ್ಕೂ ಹೋಗದೆ ವಜಾ ಆಗುತ್ತದೆ. ಮಾತು ತಪ್ಪಿದ್ದೇ ಮೋಸವಾಗದು; ಮಾತು ಕೊಡುವಾಗಲೇ ಅದನ್ನು ನಡೆಸುವ ಉದ್ದೇಶವಿರಲಿಲ್ಲ ಎಂದು ತೋರಿಸಬೇಕು. ಅದನ್ನು ನಂಬಿ ನೀವು ಕಳೆದುಕೊಂಡದ್ದೇನು ಎಂಬುದನ್ನೂ ಹೇಳಬೇಕು.

ಹಾಗಾಗಿ ಮೊದಲು ನೋಡಬೇಕಾದ್ದು ರೆಗ್ಯುಲೇಷನ್ ಎಕ್ಸ್, ಅಂದರೆ ಮನೆ ಸಾಲಗಾರರನ್ನು ಕಾಯುವ ರೆಸ್ಪಾ ಎಂಬ ಫೆಡರಲ್ ಕಾನೂನಿನಡಿಯ ನಿಯಮಗಳು. ಹರಾಜಿಗೆ 37 ದಿನಕ್ಕಿಂತ ಮುಂಚೆಯೇ ಕಂತು ಇಳಿಸಲು ಕೋರಿದ ನಿಮ್ಮ ಪೂರ್ಣ ಅರ್ಜಿ (ಬ್ಯಾಂಕು ಕೇಳಿದ ಕಾಗದಗಳೆಲ್ಲ ಇರುವಂಥದ್ದು) ತಲುಪಿದ್ದರೆ, ಅದು ಇತ್ಯರ್ಥವಾಗುವ ತನಕ ಸಾಮಾನ್ಯವಾಗಿ ಹರಾಜು ನಡೆಸುವಂತಿಲ್ಲ. ಇಲ್ಲಿ ದುರುದ್ದೇಶ ಸಾಬೀತು ಮಾಡಬೇಕಿಲ್ಲ, ತಾರೀಖುಗಳೇ ಮಾತಾಡುತ್ತವೆ. ಜಗಳವೆಲ್ಲ ‘ಪೂರ್ಣ’ ಎಂಬ ಪದದ ಸುತ್ತಲೇ: ಒಂದು ಸಂಬಳದ ಚೀಟಿ ಬಾಕಿ ಎಂದರೂ ಬ್ಯಾಂಕು ಕೈ ತೊಳೆದುಕೊಳ್ಳುತ್ತದೆ. ಹರಾಜಿಗೆ 45 ದಿನವಾದರೂ ಮುಂಚೆ ಅರ್ಜಿ ಕೊಟ್ಟಿದ್ದರೆ, ಯಾವ ಕಾಗದ ಬಾಕಿ ಎಂದು ಅವರು 5 ಕೆಲಸದ ದಿನಗಳಲ್ಲಿ ಬರೆದು ತಿಳಿಸಬೇಕು. ಆ ಪತ್ರವನ್ನೂ ನೀವು ಕಳಿಸಿದ ಪ್ರತಿ ಕಾಗದದ ರಸೀದಿಯನ್ನೂ ಜೋಪಾನ ಮಾಡಿ. ನೀವು ವಾಸವಿರುವ ಮನೆಗಷ್ಟೇ ಈ ರಕ್ಷಣೆ. ಬಾಡಿಗೆಗೆ ಕೊಟ್ಟಿದ್ದಕ್ಕೆ ಇಲ್ಲ.

ಇಂಥ ಫೆಡರಲ್ ಕಾನೂನಿನ ಉಲ್ಲಂಘನೆ ಇದ್ದರೆ ಕೋರ್ಟಿನ ಬಾಗಿಲು ತೆರೆಯುತ್ತದೆ. ಬರೀ ಮೋಸವಾದರೆ ಅದು ರಾಜ್ಯ ಕಾನೂನಿನ ವಿಷಯ. ಆಗ ವ್ಯಾಜ್ಯದ ಮೊತ್ತ 75,000 ಡಾಲರ್ ಮೀರಿರಬೇಕು, ಎರಡೂ ಕಡೆಯವರು ಬೇರೆ ಬೇರೆ ರಾಜ್ಯದವರಾಗಿರಬೇಕು. ಶಾಖೆ ನಿಮ್ಮ ಬೀದಿಯಲ್ಲೇ ಇದ್ದರೂ ಚಿಂತೆಯಿಲ್ಲ: ಸುಪ್ರೀಂ ಕೋರ್ಟಿನ 2006ರ ತೀರ್ಪಿನಂತೆ ನ್ಯಾಷನಲ್ ಬ್ಯಾಂಕು (ಫೆಡರಲ್ ಸರ್ಕಾರದ ಪರವಾನಗಿ ಪಡೆದ ಬ್ಯಾಂಕು) ತನ್ನ ಸ್ಥಾಪನಾ ಪತ್ರದಲ್ಲಿ ನಮೂದಿಸಿದ ಮುಖ್ಯ ಕಚೇರಿಯ ರಾಜ್ಯಕ್ಕೆ ಸೇರಿದ್ದು. ಎಚ್-1ಬಿ ಉದ್ಯೋಗ ವೀಸಾ ಮೇಲಿರುವ ಭಾರತೀಯರು ವಿದೇಶಿ ಪ್ರಜೆಗಳಾದ್ದರಿಂದ ಅವರಿಗೆ ಈ ದಾರಿ ಇನ್ನೂ ಸುಲಭ. ನೀವು ಅಮೆರಿಕದ ಪ್ರಜೆಗಳಾಗಿದ್ದರೆ, ಕ್ಯಾಲಿಫೋರ್ನಿಯಾದ ದಲ್ಲಾಳಿಯನ್ನೂ ಪ್ರತಿವಾದಿ ಮಾಡುವ ಮುನ್ನ ಯೋಚಿಸಿ. ಅವರೂ ನಿಮ್ಮದೇ ರಾಜ್ಯದವರಾದ್ದರಿಂದ ಅದೊಂದೇ ಹೆಸರು ಈ ದಾರಿಯನ್ನು ಮುಚ್ಚಬಲ್ಲದು.

ದಾವೆಯ ಶುಲ್ಕ 405 ಡಾಲರ್. ಸಲ್ಲಿಸಿದ 90 ದಿನದೊಳಗೆ ಬ್ಯಾಂಕಿಗೆ ಸಮನ್ಸ್ ತಲುಪಿಸಬೇಕು. ಆದರೆ ದಾವೆ ಹೂಡಿದ ಮಾತ್ರಕ್ಕೆ ಹರಾಜು ನಿಲ್ಲುವುದಿಲ್ಲ. ಅದಕ್ಕೆ ನಿಯಮ 65ರಡಿ ತಾತ್ಕಾಲಿಕ ತಡೆಯಾಜ್ಞೆಯನ್ನು ಬೇರೆಯಾಗಿಯೇ ಕೇಳಬೇಕು, ನ್ಯಾಯಾಧೀಶರು ಭದ್ರತಾ ಠೇವಣಿ ಕೇಳಬಹುದು. ಹರಾಜಿನ ಹಿಂದಿನ ದಿನ ಓಡಿ ಬಂದರೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ. ನೋಟಿಸ್ ಬಂದ ವಾರದಲ್ಲೇ ವಕೀಲರನ್ನು ಕಾಣಿರಿ.