ಚಿಮಣಿಯ ಲೆಕ್ಕ, ಊರಿನ ಧೂಳು: ಸಿಮೆಂಟ್ ಕಾರ್ಖಾನೆಗಳಿಗೆ ಕಾನೂನು ಬಂದ ದಾರಿ

ದೇಶದಲ್ಲಿ ಶುದ್ಧ ಗಾಳಿ ಇರುವ ಊರುಗಳ ಪಟ್ಟಿಯಲ್ಲಿ ಮಡಿಕೇರಿ ಆಗಾಗ ಮೇಲ್ಸಾಲಿನಲ್ಲಿ ಕಾಣಿಸುತ್ತದೆ. ಸ್ಟುವರ್ಟ್ ಹಿಲ್‌ನ ಮಾಪನ ಕೇಂದ್ರ ಕೊಡುವ ಅಂಕಿ ಅದು. ಅಂಥ ದಿನ ಕೊಡಗಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಬ್ಬ. ಖುಷಿಪಡಲಿ, ತಪ್ಪೇನಿಲ್ಲ. ಆದರೆ ಇದರಲ್ಲಿ ನಮ್ಮ ಜಾಣತನಕ್ಕಿಂತ ನೆಲದ ಪುಣ್ಯವೇ ಜಾಸ್ತಿ. ವರ್ಷಕ್ಕೆ ನೂರು ಇಂಚು ದಾಟುವ ಮಳೆ, ತೋಟದ ತುಂಬ ಮರ, ಹತ್ತಿರದಲ್ಲಿ ದೊಡ್ಡ ಕಾರ್ಖಾನೆ ಇಲ್ಲ. ಸಿಮೆಂಟ್ ಕಾರ್ಖಾನೆಯಂತೂ ಇಲ್ಲಿಗೆ ಬರುವ ಮಾತೇ ಇರಲಿಲ್ಲ. ಅದಕ್ಕೆ ಬೇಕಾದ್ದು ಸುಣ್ಣದ ಕಲ್ಲು. ನಮ್ಮ ಕಾಲ ಕೆಳಗಿರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ.

ಹಾಗಂತ ಸಿಮೆಂಟ್ ಇಲ್ಲದೆ ನಮ್ಮ ಕೆಲಸ ನಡೆಯುತ್ತದೆಯೇ? ಕಾಫಿ ಒಣಗಿಸುವ ಕಣ ಸಿಮೆಂಟ್. ಹೋಂಸ್ಟೇ ಸಿಮೆಂಟ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ರಸ್ತೆ ಬದಿಯಲ್ಲಿ ಎದ್ದ ತಡೆಗೋಡೆಗಳು, ಜಂಬೂರು, ಮದೆನಾಡಿನ ಪುನರ್ವಸತಿ ಮನೆಗಳು, ಎಲ್ಲವೂ ಸಿಮೆಂಟ್. ಕುಶಾಲನಗರದ ಅಂಗಡಿ ಮುಂದೆ ಲಾರಿಯಿಂದ ಇಳಿಸುವ ಚೀಲವನ್ನು ಒಮ್ಮೆ ತಿರುಗಿಸಿ ನೋಡಿ. 50 ಕೆ.ಜಿ. ತೂಕ, ಐಎಸ್‌ಐ ಗುರುತು, ಪಿಪಿಸಿ ಎಂಬ ಬಗೆಯ ಸಿಮೆಂಟ್ ಆಗಿದ್ದರೆ ಐಎಸ್ 1489 ಎಂಬ ಸಂಖ್ಯೆ, ತಯಾರಾದ ವಾರ ಮತ್ತು ವರ್ಷ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾರ್ಖಾನೆಯ ವಿಳಾಸ. ಕರ್ನಾಟಕದ್ದೇ ಆದರೆ ಅದು ಬಹುಮಟ್ಟಿಗೆ ಕಲಬುರಗಿ ಅಥವಾ ಬಾಗಲಕೋಟೆ ಕಡೆಯದು. ವಾಡಿ, ಸೇಡಂ, ಮಳಖೇಡ, ಇವೆಲ್ಲ ಸುಣ್ಣದ ಕಲ್ಲಿನ ನೆಲದ ಊರುಗಳು. ಸುತ್ತ ತೊಗರಿ ಹೊಲ.

ಚೀಲ ಏಳೆಂಟು ನೂರು ಕಿಲೋಮೀಟರ್ ದಾಟಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಮಾಡುವಾಗ ಎದ್ದ ಧೂಳು ಅಲ್ಲೇ ಉಳಿಯುತ್ತದೆ. ಈ ಧೂಳಿಗೆ ಕಾನೂನು ಮೂಗುದಾರ ಹಾಕಲು ಹೊರಟು ನಲವತ್ತು ವರ್ಷ ದಾಟಿತು. ಚಿಮಣಿಯಿಂದ ಎಷ್ಟು ಬಿಡಬಹುದು ಎಂಬ ಅಂಕಿ ಈ ಅವಧಿಯಲ್ಲಿ ಚೆನ್ನಾಗಿಯೇ ಇಳಿದಿದೆ. ಆ ಚಿಮಣಿಯನ್ನು ಕಾಯುವವರು ಯಾರು ಎಂಬ ಪ್ರಶ್ನೆ ಮಾತ್ರ ಅರ್ಧದಲ್ಲೇ ನಿಂತಿದೆ.

ಧೂಳು ಏಳುವುದು ಒಂದೇ ಜಾಗದಲ್ಲಲ್ಲ. ಕ್ವಾರಿಯಲ್ಲಿ ಕಲ್ಲು ಸಿಡಿಸುವಾಗ, ಕ್ರಷರ್‌ನಲ್ಲಿ ಒಡೆಯುವಾಗ, ಪುಡಿ ಮಾಡುವಾಗ, ಕಿಲ್ನ್‌ನಲ್ಲಿ ಸುಡುವಾಗ, ಸುಟ್ಟು ಬಂದ ಗಟ್ಟಿ ಉಂಡೆಗಳನ್ನು, ಅಂದರೆ ಕ್ಲಿಂಕರ್ ಅನ್ನು, ತಣಿಸುವಾಗ, ಜಿಪ್ಸಮ್ ಸೇರಿಸಿ ಅರೆಯುವಾಗ, ಕೊನೆಗೆ ಚೀಲ ತುಂಬುವಾಗ. ಕಿಲ್ನ್ ಎಂದರೆ ಓರೆಯಾಗಿ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆ. ಸದಾ ತಿರುಗುತ್ತಿರುತ್ತದೆ. ಒಳಗಿನ ಸರಕು 1450 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಲಿಂದ ಹೊರಡುವ ಬಿಸಿ ಗಾಳಿಯಲ್ಲಿ ಹಿಟ್ಟಿನಷ್ಟು ನಯವಾದ ಪುಡಿ ಇರುತ್ತದೆ.

ಈ ಪುಡಿ ಹಿಡಿಯಲು ಮುಖ್ಯವಾಗಿ ಎರಡು ದಾರಿ. ಒಂದು ಬ್ಯಾಗ್ ಫಿಲ್ಟರ್, ಅಂದರೆ ಬಟ್ಟೆಯ ಉದ್ದುದ್ದ ಚೀಲಗಳ ಸಾಲು. ಗಾಳಿ ಬಟ್ಟೆ ದಾಟಿ ಹೋಗುತ್ತದೆ, ಪುಡಿ ಉಳಿಯುತ್ತದೆ. ಇನ್ನೊಂದು ಇಎಸ್‌ಪಿ. ಭಾರೀ ವೋಲ್ಟೇಜ್ ಕೊಟ್ಟು ಧೂಳಿನ ಕಣಗಳಿಗೆ ವಿದ್ಯುತ್ ತುಂಬಿ, ತಗಡುಗಳಿಗೆ ಅಂಟಿಸಿ, ಸುತ್ತಿಗೆಯಲ್ಲಿ ತಟ್ಟಿ ಕೆಳಗೆ ಬೀಳಿಸುವ ಯಂತ್ರ. ಹಿಡಿದ ಪುಡಿ ಮತ್ತೆ ಉತ್ಪಾದನೆಗೇ ಹೋಗುತ್ತದೆ. ಅಂದರೆ ಧೂಳು ಹಿಡಿದರೆ ಕಾರ್ಖಾನೆಗೂ ಲಾಭ. ಆದರೆ ಕೊನೆಯ ಚೂರುಪಾರು ಹಿಡಿಯುವ ಖರ್ಚು ಅದರಿಂದ ಬರುವ ಲಾಭಕ್ಕಿಂತ ಜಾಸ್ತಿ. ಕಾನೂನು ಬೇಕಾಗುವುದು ಅಲ್ಲಿ.

ಇಎಸ್‌ಪಿಗೆ ಒಂದು ಹಳೇ ತೊಂದರೆ ಇದೆ. ಕಲ್ಲಿದ್ದಲು ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಇಎಸ್‌ಪಿಯೊಳಗೆ ಕಿಡಿ ಹಾರುವುದು ಮಾಮೂಲಿ. ಎರಡೂ ಸೇರಿದರೆ ಸ್ಫೋಟ. ಹಾಗಾಗಿ ಅನಿಲದ ಮಟ್ಟ ಏರಿದ ಕೂಡಲೇ ಇಎಸ್‌ಪಿಯ ಕರೆಂಟ್ ತಾನಾಗಿ ಕಡಿತವಾಗುತ್ತದೆ. ಇದನ್ನು ಟ್ರಿಪ್ಪಿಂಗ್ ಅನ್ನುತ್ತಾರೆ. ಸುರಕ್ಷತೆಗೆ ಮಾಡಿದ ವ್ಯವಸ್ಥೆಯೇ, ಆದರೆ ಆ ಹೊತ್ತಿನಲ್ಲಿ ಚಿಮಣಿಯಿಂದ ದಟ್ಟ ಧೂಳು ಸೀದಾ ಆಕಾಶಕ್ಕೆ. ಕರೆಂಟ್ ಹೋದರೂ ಇದೇ ಕಥೆ. ಕಾರ್ಖಾನೆ ಪಕ್ಕದ ಊರುಗಳಲ್ಲಿ ‘ರಾತ್ರಿ ಜಾಸ್ತಿ ಬಿಡ್ತಾರೆ’ ಎಂಬ ದೂರು ಹೊಸದಲ್ಲ. ಅದರಲ್ಲಿ ಸ್ವಲ್ಪ ಪಾಲು ಈ ಟ್ರಿಪ್ಪಿಂಗ್‌ನದು. ಪೂರ್ತಿ ಅದರದ್ದೇ ಎಂದು ಒಪ್ಪಿಕೊಳ್ಳುವಷ್ಟು ಅಮಾಯಕ ನಾನಲ್ಲ.

ಮೊದಲು ಕಾನೂನು ಏನಿತ್ತು? 1860ರ ದಂಡ ಸಂಹಿತೆಯ 278ನೇ ಸೆಕ್ಷನ್. ಜನರ ಆರೋಗ್ಯ ಕೆಡುವಂತೆ ಗಾಳಿ ಕೆಡಿಸಿದರೆ 500 ರೂಪಾಯಿವರೆಗೆ ದಂಡ. ಈಗ ನ್ಯಾಯ ಸಂಹಿತೆ ಬಂದು ಅದು 280ನೇ ಸೆಕ್ಷನ್ ಆಗಿದೆ, ದಂಡ 1,000 ರೂಪಾಯಿಗೆ ಏರಿದೆ. ನೂರ ಅರವತ್ತು ವರ್ಷದಲ್ಲಿ ಇಷ್ಟಾದರೂ ಏರಿತಲ್ಲ! 1948ರ ಫ್ಯಾಕ್ಟರಿ ಕಾಯ್ದೆ ಮುಖ್ಯವಾಗಿ ನೋಡಿದ್ದು ಗೇಟಿನ ಒಳಗಿನ ಕಾರ್ಮಿಕರನ್ನು.

1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ ಗಾಳಿ ಬದಲಾಯಿತು. ಮೊದಲು ಬಂದದ್ದು ನೀರಿನ ಕಾಯ್ದೆ, 1974ರಲ್ಲಿ. ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಕೊಡಗಿನ ಬೆಳೆಗಾರರಿಗೆ ಇವತ್ತಿಗೂ ಮಂಡಳಿ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ನೀರು, ತೋಡಿಗೆ ಬಿಟ್ಟರೆ ನೋಟಿಸ್ ಎಂದೇ ನೆನಪಾಗುವುದು. ಗಾಳಿಯ ಜವಾಬ್ದಾರಿ ಅದೇ ಮಂಡಳಿಯ ಹೆಗಲಿಗೆ ಬಿದ್ದದ್ದು 1981ರ ವಾಯು ಕಾಯ್ದೆಯಿಂದ. ಕಾರ್ಖಾನೆ ನಡೆಸಲು ಮಂಡಳಿಯ ಸಮ್ಮತಿ ಪತ್ರ ಬೇಕು ಎಂಬ ನಿಯಮ ಆಗ ಬಂತು. ಇಡೀ ವ್ಯವಸ್ಥೆ ಇವತ್ತಿಗೂ ನಿಂತಿರುವುದು ಆ ಪತ್ರದ ಮೇಲೆ.

1984ರ ಡಿಸೆಂಬರ್‌ನಲ್ಲಿ ಭೋಪಾಲ್ ಆಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ವಾಯು ಕಾಯ್ದೆಗೆ ಹಲ್ಲು ಬಂತು. ಮಾತು ಕೇಳದ ಕಾರ್ಖಾನೆಗೆ ಬೀಗ ಹಾಕಿಸುವ, ನೀರು, ಕರೆಂಟ್ ಕಡಿತ ಮಾಡಿಸುವ ಅಧಿಕಾರ ಮಂಡಳಿಗೆ ಸಿಕ್ಕಿತು. ಮುಖ್ಯ ಉಲ್ಲಂಘನೆಗಳಿಗೆ ಕನಿಷ್ಠ ಒಂದೂವರೆ ವರ್ಷ ಜೈಲು ಎಂದು ಬರೆಯಲಾಯಿತು. ಬರೆದದ್ದು ನಿಜ. ಕಾರ್ಖಾನೆಯ ಮೇಲಧಿಕಾರಿಗಳು ಹಾಗೆ ಒಳಗೆ ಹೋದ ಸುದ್ದಿ ನೀವು ಎಷ್ಟು ಓದಿದ್ದೀರಿ?

ಸಿಮೆಂಟಿಗೇ ಎಂದು ಮೊದಲ ಮಿತಿ ಬಂದದ್ದೂ ಆ ಹೊತ್ತಿನಲ್ಲೇ. ದಿನಕ್ಕೆ 200 ಟನ್‌ಗಿಂತ ಹೆಚ್ಚು ಮಾಡುವ ಕಾರ್ಖಾನೆಗೆ ಒಂದು ಘನ ಮೀಟರ್ ಗಾಳಿಯಲ್ಲಿ 250 ಮಿಲಿಗ್ರಾಂ ಧೂಳು. ಅದಕ್ಕಿಂತ ಚಿಕ್ಕದಕ್ಕೆ 400. ಸಂರಕ್ಷಿತ ಪ್ರದೇಶವಾದರೆ ಕ್ರಮವಾಗಿ 150 ಮತ್ತು 250. ಚಿಕ್ಕ ಕಾರ್ಖಾನೆಗೆ ಯಂತ್ರ ದುಬಾರಿ ಎಂದು ರಿಯಾಯಿತಿ. ಪಕ್ಕದ ಮನೆಯವರ ಶ್ವಾಸಕೋಶಕ್ಕೆ ಅಂಥ ರಿಯಾಯಿತಿ ಇಲ್ಲವಲ್ಲ.

2003ರಲ್ಲಿ ಕೇಂದ್ರ ಸರ್ಕಾರ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳನ್ನು ಕೂರಿಸಿಕೊಂಡು ಒಂದು ಒಪ್ಪಂದಕ್ಕೆ ಬಂತು. ಸಿಆರ್‌ಇಪಿ ಎಂದು ಅದರ ಹೆಸರು. ಸಿಮೆಂಟ್ ಆ 17ರಲ್ಲಿ ಒಂದು. ಹೊಸ ಕಿಲ್ನ್‌ಗಳು 50 ಮಿಲಿಗ್ರಾಂ ಮೀರಬಾರದು, ನಗರದ ಅಂಚಿನ ಹಳೆಯವು 100ಕ್ಕೆ ಇಳಿಯಬೇಕು, ಇಎಸ್‌ಪಿ ಟ್ರಿಪ್ಪಿಂಗ್ ಕಡಿಮೆ ಮಾಡಬೇಕು, ಸರಕು ಸುರಿಯುವ ಜಾಗದ ಧೂಳಿಗೂ ತಡೆ ಬೇಕು ಎಂದಾಯಿತು. ಚಿಮಣಿ ಬಿಟ್ಟು ಅಂಗಳದ ಧೂಳಿನ ಕಡೆಗೂ ಕಣ್ಣು ಹಾಯಿಸಿದ್ದು ಅದರ ಒಳ್ಳೇ ಗುಣ.

2009ರ ನವೆಂಬರ್‌ನಲ್ಲಿ ಆದ ಬದಲಾವಣೆ ಹೆಚ್ಚು ಸದ್ದು ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಅಲ್ಲಿವರೆಗೆ ಊರಿನ ಗಾಳಿಗೆ ಜಾಗಕ್ಕೊಂದು ಅಳತೆ ಇತ್ತು. ತೇಲುವ ಧೂಳಿನ ವಾರ್ಷಿಕ ಸರಾಸರಿ ವಸತಿ ಪ್ರದೇಶದಲ್ಲಿ ಘನ ಮೀಟರಿಗೆ 140 ಮೈಕ್ರೋಗ್ರಾಂ ದಾಟಬಾರದು. ಕೈಗಾರಿಕಾ ಪ್ರದೇಶದಲ್ಲಿ 360ರವರೆಗೆ ನಡೆಯುತ್ತದೆ. ಅಂದರೆ ಕಾರ್ಖಾನೆ ಪಕ್ಕ ಹುಟ್ಟಿದವರು ಎರಡೂವರೆ ಪಟ್ಟು ಧೂಳು ಕುಡಿಯಬಹುದು ಎಂದು ಸರ್ಕಾರವೇ ಬರೆದಿಟ್ಟಿತ್ತು. 2009ರಲ್ಲಿ ಈ ಭೇದ ಹೋಯಿತು. ದಪ್ಪ ಧೂಳಿನ ಲೆಕ್ಕ ಬಿಟ್ಟು ಶ್ವಾಸಕೋಶಕ್ಕೆ ಇಳಿಯುವ ಸಣ್ಣ ಕಣಗಳ ಲೆಕ್ಕ ಬಂತು. ಪಿಎಂ 10ಕ್ಕೆ, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳಿಗೆ, ವರ್ಷದ ಸರಾಸರಿ 60, ಇನ್ನೂ ಸಣ್ಣ ಪಿಎಂ 2.5ಕ್ಕೆ 40 ಮೈಕ್ರೋಗ್ರಾಂ. ವಾಡಿಗೂ ಅದೇ, ಮಡಿಕೇರಿಗೂ ಅದೇ.

2014ರಲ್ಲಿ ಎರಡು ಹೆಜ್ಜೆ. ಫೆಬ್ರುವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆ 17 ಬಗೆಯ ಉದ್ಯಮಗಳಿಗೆ ಚಿಮಣಿಯಲ್ಲೇ ಆನ್‌ಲೈನ್ ಮಾಪಕ ಕೂರಿಸಲು ಹೇಳಿತು. ಆಗಸ್ಟ್‌ನಲ್ಲಿ ಹೊಸ ಸಿಮೆಂಟ್ ಮಿತಿ ಬಂತು. ಹೊಸ ಕಾರ್ಖಾನೆಗೆ ಧೂಳು 30 ಮಿಲಿಗ್ರಾಂ ಮಾತ್ರ. ಸಿಮೆಂಟ್ ಚಿಮಣಿಯ ಗಂಧಕ ಮತ್ತು ಸಾರಜನಕದ ಅನಿಲಗಳಿಗೂ ಆಗ ಲಗಾಮು ಬಿತ್ತು. ಈಗಿನ ಲೆಕ್ಕದಲ್ಲಿ ಸಾರಜನಕದ ಆಕ್ಸೈಡ್‌ಗಳಿಗೆ ಹೊಸ ಕಾರ್ಖಾನೆಯಲ್ಲಿ 600 ಮಿಲಿಗ್ರಾಂ, ಹಳೆಯದರಲ್ಲಿ 800 ಅಥವಾ 1,000. ಗಂಧಕದ್ದು ಕಲ್ಲಿನ ಗುಣ ನೋಡಿಕೊಂಡು 100ರಿಂದ 1,000.

30 ಎಂದರೆ ಎಷ್ಟು? ದಿನಕ್ಕೆ 3,000 ಟನ್ ಕ್ಲಿಂಕರ್ ಸುಡುವ ಕಿಲ್ನ್ ಎಂದಿಟ್ಟುಕೊಳ್ಳಿ. ಟನ್ನಿಗೆ ಸುಮಾರು 2,000 ಘನ ಮೀಟರ್ ಗಾಳಿ ಹೊರಬಿದ್ದರೆ ದಿನಕ್ಕೆ 60 ಲಕ್ಷ ಘನ ಮೀಟರ್. 250ರ ಮಿತಿಯಲ್ಲಿ ಕಾನೂನು ಮೀರದೆಯೇ ದಿನಕ್ಕೆ 1,500 ಕೆ.ಜಿ. ಧೂಳು ಬಿಡಬಹುದಿತ್ತು. ಸಿಮೆಂಟ್ ಚೀಲದ ಲೆಕ್ಕದಲ್ಲಿ ಮೂವತ್ತು ಚೀಲ. 30ರ ಮಿತಿಯಲ್ಲಿ 180 ಕೆ.ಜಿ., ನಾಲ್ಕು ಚೀಲಕ್ಕೂ ಕಡಿಮೆ. ಕಾಗದದ ಮೇಲೆ ಇದು ಸಣ್ಣ ಸಾಧನೆ ಅಲ್ಲ.

2016ರಲ್ಲಿ ಇನ್ನೊಂದು ವಿಷಯ ಸೇರಿತು. ಮರುಬಳಕೆಗೆ ಬಾರದ ಪ್ಲಾಸ್ಟಿಕ್ ಕಸವನ್ನು ಕಿಲ್ನ್‌ನಲ್ಲಿ ಉರುವಲಾಗಿ ಬಳಸುವ ಪದ್ಧತಿ. ಪ್ರವಾಸಿಗರು ನಮ್ಮ ರಸ್ತೆ ಬದಿಯಲ್ಲಿ ಎಸೆದು ಹೋಗುವ ಚಿಪ್ಸ್ ಕವರ್‌ನಂಥ ಕಸಕ್ಕೆ ದೇಶದಲ್ಲಿರುವ ಕೆಲವೇ ದಾರಿಗಳಲ್ಲಿ ಇದೂ ಒಂದು. ಹಾಗೆ ಸುಡುವ ಕಾರ್ಖಾನೆಗಳಿಗೆ ಡಯಾಕ್ಸಿನ್‌ನಂಥ ವಿಷಗಳ ಮಿತಿಯೂ ಬಂತು. ಮರುವರ್ಷ ಪೆಟ್‌ಕೋಕ್ ಗಲಾಟೆ. ದೆಹಲಿಯ ಹೊಗೆ ನೋಡಿ ಸುಪ್ರೀಂ ಕೋರ್ಟ್ ಉತ್ತರದ ಕೆಲವು ರಾಜ್ಯಗಳಲ್ಲಿ ಈ ಗಂಧಕ ತುಂಬಿದ ಇಂಧನ ನಿಷೇಧಿಸಿತು. ಡಿಸೆಂಬರ್‌ನಲ್ಲಿ ಸಿಮೆಂಟ್‌ನವರಿಗೆ ವಿನಾಯಿತಿ ಸಿಕ್ಕಿತು. ಸುಣ್ಣವೇ ಗಂಧಕವನ್ನು ಹೀರಿಕೊಳ್ಳುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ.

ಇಷ್ಟೆಲ್ಲ ಇಳಿದರೂ ಕಾರ್ಖಾನೆ ಪಕ್ಕದ ಮನೆಯ ಕಿಟಕಿ ಮೇಲೆ ಧೂಳು ಕೂರುತ್ತದೆ. ಮೇಲೆ ಹೇಳಿದ 30 ಚಿಮಣಿಯ ಅಂಕಿ. ಲಾರಿ ಓಡಾಡುವ ರಸ್ತೆ, ಮುಚ್ಚದ ಕನ್ವೇಯರ್, ಬಯಲಲ್ಲಿ ರಾಶಿ ಹಾಕಿದ ಕ್ಲಿಂಕರ್, ಕ್ವಾರಿ, ಇವುಗಳ ಧೂಳಿಗೆ ಚಿಮಣಿ ಇಲ್ಲ. ಶೆಡ್ ಕಟ್ಟಿ, ನೀರು ಚಿಮುಕಿಸಿ, ರಸ್ತೆ ಗುಡಿಸಿ ಎಂದು ಸಮ್ಮತಿ ಪತ್ರದಲ್ಲಿ ಬರೆಯುತ್ತಾರೆ. ಅಳೆದು ಹಿಡಿಯುವುದು ಕಷ್ಟ. ಹಾಗಾಗಿ ತಪಾಸಣೆ ದಿನ ನೆಲ ಒದ್ದೆ ಇದ್ದರೆ ಎಲ್ಲ ಸರಿ.

ಆನ್‌ಲೈನ್ ಮಾಪಕದ ವಿಷಯವೂ ಹಾಗೇ. ಯಂತ್ರ ಕೊಳ್ಳುವುದು ಕಾರ್ಖಾನೆ, ನೋಡಿಕೊಳ್ಳುವುದು ಕಾರ್ಖಾನೆ, ಅಂಕಿ ಹೋಗುವುದು ಮಂಡಳಿಗೆ. ಹಿಂದೆ ವರ್ಷಕ್ಕೆ ಕೆಲವು ದಿನ ಅಧಿಕಾರಿ ಬಂದು ಚಿಮಣಿ ಹತ್ತಿ ಮಾದರಿ ತೆಗೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ಆದರೆ ಪರೀಕ್ಷೆ ಬರೆದವರೇ ತಮ್ಮ ಅಂಕ ಕಳಿಸುವ ಏರ್ಪಾಡಿದು. ಮಂಡಳಿಯವರು ಹೇಳದೆ ಕೇಳದೆ ಬಂದು ತಾಳೆ ನೋಡದಿದ್ದರೆ ಮಾಪಕ ಸುಮ್ನೆ ಅಲಂಕಾರ.

2023ರ ಜನ ವಿಶ್ವಾಸ ಕಾಯ್ದೆ ಜೈಲಿನ ಭಯವನ್ನೂ ಬಹುಮಟ್ಟಿಗೆ ತೆಗೆಯಿತು. 2024ರ ಏಪ್ರಿಲ್ 1ರಿಂದ ವಾಯು ಕಾಯ್ದೆಯ ಬಹುಪಾಲು ಉಲ್ಲಂಘನೆಗಳಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಕೋರ್ಟಿನ ಬದಲು ಅಧಿಕಾರಿಯೊಬ್ಬರೇ ವಿಧಿಸಬಹುದು. ಬಳಸದ ಜೈಲಿಗಿಂತ ಬೇಗ ಬೀಳುವ ದಂಡ ಮೇಲು ಎನ್ನುವವರಿದ್ದಾರೆ. ಬೇಗ ಬಿದ್ದರೆ ಸರಿ. ದೊಡ್ಡ ಕಾರ್ಖಾನೆಗೆ 15 ಲಕ್ಷ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಬೇರೆ ಮಾತು.

ಇದು ಬರೀ ಕಲಬುರಗಿಯ ಪಾಡು ಅಂದುಕೊಳ್ಳಬೇಡಿ. ನಮ್ಮ ಗಟ್ಟಿ ಬಂಡೆ ಸಿಮೆಂಟಿಗೆ ಬಾರದಿದ್ದರೂ ಜಲ್ಲಿಗೆ ಬರುತ್ತದೆ. ಕ್ರಷರ್‌ಗಳಿಗೆ ಕೇಂದ್ರದ ಮಿತಿ ಬೇರೆ. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಧೂಳು 600 ಮೈಕ್ರೋಗ್ರಾಂ ಮೀರಬಾರದು. ಕ್ರಷರ್ ಎಲ್ಲಿರಬೇಕು, ಲೈಸೆನ್ಸ್ ಹೇಗೆ ಎಂಬುದಕ್ಕೆ 2011ರ ರಾಜ್ಯ ಕಾಯ್ದೆ ಇದೆ. ಜಿಲ್ಲಾ ಕೇಂದ್ರದ ಗುಡ್ಡದ ಮೇಲಿನ ಮಾಪಕ ಎಷ್ಟೇ ಒಳ್ಳೆಯ ಅಂಕಿ ತೋರಿಸಲಿ, ಕ್ರಷರ್ ಪಕ್ಕದ ಕಾರ್ಮಿಕರ ಲೈನ್ ಮನೆಯ ಗಾಳಿ ಅದಕ್ಕೆ ಗೊತ್ತಾಗುವುದಿಲ್ಲ, ಅಲ್ವಾ? ಕೂಡ್ಲೂರಿನ ಕಾಫಿ ಕ್ಯೂರಿಂಗ್ ಘಟಕಗಳ ಹೊಟ್ಟಿನ ಧೂಳಿಗೂ ಇದೇ ಮಾತು.

ಜನರ ಕೈಯಲ್ಲಿ ಇರುವುದೂ ಸ್ವಲ್ಪ ಇದೆ. ಪರಿಸರ ಅನುಮತಿ ಪಡೆದ ಕಾರ್ಖಾನೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಿ ಓದಬಹುದು. ವಾಯು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಯಾವ ನಾಗರಿಕ ಬೇಕಾದರೂ ಕೋರ್ಟಿಗೆ ದೂರು ಒಯ್ಯಬಹುದು. 1987ರವರೆಗೆ ಆ ಹಕ್ಕು ಇರಲಿಲ್ಲ. ದೂರು ಕೊಟ್ಟವರು ಕೇಳಿದರೆ ಮಂಡಳಿ ತನ್ನಲ್ಲಿರುವ ವರದಿಗಳನ್ನು ಕೊಡಬೇಕು. ಸಾರ್ವಜನಿಕ ಹಿತಕ್ಕೆ ವಿರುದ್ಧ ಅನಿಸಿದರೆ ಕೊಡದೆಯೂ ಇರಬಹುದು ಎಂಬ ಸಾಲೂ ಅದೇ ಸೆಕ್ಷನ್‌ನಲ್ಲಿದೆ. ಹಾಗಾಗಿ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ ವರದಿ ಕೈಗೆ ತೆಗೆದುಕೊಂಡು, ಆಮೇಲೆ ನೋಟಿಸ್ ಕೊಡುವುದು ಜಾಣತನ.