ಅಂಗಡಿ ಟ್ಯಾಲಿಯನ್ನ ಗೋಡೌನಿಂದ ನೋಡೋಕೆ ಫ್ರೀ ವಿಪಿಎನ್ ಆ್ಯಪ್ ಸಾಕಾ?

ಪ್ರಶ್ನೆ: ಅಂಗಡಿ ತುಮಕೂರಿನ ಮಂಡಿಪೇಟೆಯಲ್ಲಿ, ಕೊಬ್ಬರಿ ಗೋಡೌನು ತಿಪಟೂರಲ್ಲಿ. ಅಂಗಡಿಯ ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರನ್ನ ಅಲ್ಲಿಂದಲೂ ನೋಡಬೇಕು. ಪ್ಲೇ ಸ್ಟೋರಿನ ಫ್ರೀ ವಿಪಿಎನ್ ಹಾಕಿದ್ರೆ ಆಗಲ್ವಾ ಸಾರ್?

ಆಗಲ್ಲ. ಎಷ್ಟನೇ ಸಲ ಹೇಳ್ತಿದ್ದೀನೋ, ಲೆಕ್ಕ ಬಿಟ್ಟಿದ್ದೀನಿ.

ವಿಪಿಎನ್ ಅಂದ್ರೆ ಇಂಟರ್‌ನೆಟ್ ಒಳಗೇ ಹಾಯೋ ಖಾಸಗಿ ದಾರಿ. ಆ ಆ್ಯಪ್‌ಗೂ ನಿಮಗೆ ಬೇಕಾದ್ದಕ್ಕೂ ಹೆಸರೊಂದೇ ಸಮ. ಅದು ನಿಮ್ಮ ಫೋನನ್ನ ಯಾವುದೋ ಕಂಪನಿಯ ಸರ್ವರಿಗೆ ಒಯ್ದು, ಅಲ್ಲಿಂದ ಇಂಟರ್‌ನೆಟ್ಟಿಗೆ ಬಿಡುತ್ತೆ. ನಿಮ್ಮ ಅಂಗಡಿಯ ದಾರಿ ಅದಕ್ಕೆ ಗೊತ್ತೇ ಇಲ್ಲ. ತಿಪಟೂರಿಂದ ಮಂಡಿಪೇಟೆಗೆ ಬರಬೇಕಾದವರು ಮುಂಬೈ ರೈಲು ಹತ್ತಿದ ಹಾಗೆ. 'ಎರಡೂ ಕಡೆ ಅದೇ ಆ್ಯಪ್ ಹಾಕಿ, ಎರಡರಲ್ಲೂ ಸಿಂಗಾಪುರದ ಬಾವುಟ ಒತ್ತಿದ್ದೀನಿ, ಕನೆಕ್ಟೆಡ್ ಅಂತ ಹಸಿರು ಬಂತಲ್ಲ' ಅಂತಾರೆ. ಒಂದೇ ಬೋಗಿಯಲ್ಲಿ ಕೂತ ಮಾತ್ರಕ್ಕೆ ಒಬ್ಬರ ಮನೆ ಬೀಗದಕೈ ಇನ್ನೊಬ್ಬರ ಜೇಬಿಗೆ ಬರುತ್ತಾ? 'ಸೇಫ್ಟಿಗಾದರೂ ಇರಲಿ' ಅನ್ನೋರಿಗೆ: ವಿಪಿಎನ್ ವೈರಸ್ ಹಿಡಿಯಲ್ಲ. ಫ್ರೀ ಕೊಡೋನು ಸರ್ವರ್ ಬಾಡಿಗೆ ಎಲ್ಲಿಂದ ಕಟ್ತಾನೆ ಅನ್ನೋದನ್ನೂ ಒಂದ್ಸಲ ಯೋಚಿಸಿ. ನಮ್ಮ ಗಿರಾಕಿಯೊಬ್ಬರು ಬ್ಯಾಂಕ್ ಆ್ಯಪ್ ತೆರೀತಿಲ್ಲ ಅಂತ ಎರಡು ದಿನ ಕೂಗಾಡಿದ್ರು. ನೋಡಿದ್ರೆ ಆ ಬಾವುಟ ಇನ್ನೂ ಆನ್!

ನಿಮಗೆ ಬೇಕಾದ್ದು ವೈರ್‌ಗಾರ್ಡ್, ನಿಮ್ಮ ಎರಡು ಕಂಪ್ಯೂಟರನ್ನ ನೇರ ಜೋಡಿಸೋ ವಿಪಿಎನ್ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, 2020ರಿಂದ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಲ್ಲೇ (ಕರ್ನಲ್) ಇದೆ, ವಿಂಡೋಸ್‌ಗೂ ಸಿಗುತ್ತೆ. ಪ್ರತಿ ಕಂಪ್ಯೂಟರಿಗೂ ಒಂದು ಪ್ರೈವೇಟ್ ಕೀ (ಗುಟ್ಟಿನ ಬೀಗದಕೈ), ಒಂದು ಪಬ್ಲಿಕ್ ಕೀ (ಎದುರು ಕಡೆಯ ಕಂಪ್ಯೂಟರಿಗೆ ಕೊಡೋದು). ಪ್ರೈವೇಟ್ ಕೀ ಆ ಮಷಿನ್ ಬಿಟ್ಟು ಆಚೆ ಹೋಗಬಾರದು, ವಾಟ್ಸಾಪಲ್ಲಂತೂ ಬೇಡವೇ ಬೇಡ. ಅಂಗಡಿಗೆ 10.66.0.1, ಗೋಡೌನಿಗೆ 10.66.0.2 ಅಂತ ವಿಳಾಸ ಕೊಡಿ. ಗೋಡೌನಿನ 'ಅಲೌಡ್ ಐಪಿ' (ಯಾವ ವಿಳಾಸಕ್ಕೆ ಹೋಗೋದು ಈ ದಾರಿ ಹಿಡೀಬೇಕು ಅನ್ನೋ) ಸಾಲಲ್ಲಿ 10.66.0.1/32 ಅಷ್ಟೇ ಬರೆಯಿರಿ, ಇಲ್ಲದಿದ್ರೆ ಹುಡುಗರು ನೋಡೋ ಯೂಟ್ಯೂಬೂ ಅಂಗಡಿ ಸುತ್ತಿಕೊಂಡು ಬರುತ್ತೆ. ಅಂಗಡಿ ರೂಟರಿನಲ್ಲಿ ವೈರ್‌ಗಾರ್ಡ್ ಬರೋ ಬಾಗಿಲನ್ನ, ಅಂದ್ರೆ 51820 ಯುಡಿಪಿ ಪೋರ್ಟನ್ನ, ಅಂಗಡಿಯ ಕಂಪ್ಯೂಟರಿಗೆ ತಿರುಗಿಸಿ. ದೂರದಿಂದಲೇ ಕಂಪ್ಯೂಟರ್ ನಡೆಸೋ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನ ರೂಟರಿನಲ್ಲಿ ತೆರೆಯೋದು ಬೇಡ, ಕಳ್ಳರು ಮೊದಲು ತಟ್ಟೋ ಬಾಗಿಲೇ ಅದು.

ಇಷ್ಟಾದ್ರೂ ಸೇರದಿದ್ರೆ ಅಂಗಡಿ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ರೆ ಆ ಕಂಪನಿಯವರು ಒಂದೇ ಪಬ್ಲಿಕ್ ವಿಳಾಸವನ್ನ ಸುಮಾರು ಗಿರಾಕಿಗಳಿಗೆ ಹಂಚಿದ್ದಾರೆ ಅಂತರ್ಥ. ಪೋರ್ಟ್ ತಿರುಗಿಸಿ ಪ್ರಯೋಜನವಿಲ್ಲ. ಅವರ ಹತ್ರ ಸ್ಟ್ಯಾಟಿಕ್ ಐಪಿ (ನಿಮಗೇ ಅಂತ ಬದಲಾಗದ ಪಬ್ಲಿಕ್ ವಿಳಾಸ) ಕೇಳಿ, ಇಲ್ಲ ವೈರ್‌ಗಾರ್ಡ್ ಮೇಲೇ ಕಟ್ಟಿರೋ ಟೇಲ್‌ಸ್ಕೇಲ್ ಹಾಕಿ.

ನೀವು ಕೇಳಲಿಲ್ಲ, ಆದ್ರೂ ಹೇಳಿಬಿಡ್ತೀನಿ. ವಿಪಿಎನ್ ಬಂತು ಅಂತ ಟ್ಯಾಲಿ ಡೇಟಾ ಫೋಲ್ಡರನ್ನ ಶೇರ್ ಮಾಡಿ ತಿಪಟೂರಿಂದ ತೆರೀಬೇಡಿ. ಎಂಟ್ರಿ ಮಧ್ಯೆ ನೆಟ್ ಕಡಿದ್ರೆ ಡೇಟಾ ಕೆಡಬಹುದು. ವಿಪಿಎನ್ ಒಳಗಿಂದ ರಿಮೋಟ್ ಡೆಸ್ಕ್‌ಟಾಪಲ್ಲಿ ಹೋಗಿ. ಅದಕ್ಕೆ ಅಂಗಡಿ ಕಡೆ ವಿಂಡೋಸ್ ಪ್ರೊ ಬೇಕು, ಹೋಮ್‌ನಲ್ಲಿ ಆಗಲ್ಲ. ಗೋಡೌನಿನವರು ಹಾಗೆ ಒಳಗೆ ಬಂದ ತಕ್ಷಣ ಅಂಗಡಿಯ ಕಂಪ್ಯೂಟರಿನ ಪರದೆ ಲಾಕ್ ಆಗುತ್ತೆ, ಹಾಗಾಗಿ ಇದಕ್ಕೇ ಅಂತ ಅಂಗಡಿಯಲ್ಲಿ ಇನ್ನೊಂದು ಹಳೇ ಡೆಸ್ಕ್‌ಟಾಪ್ ಇಡಿ. ಇಬ್ಬರೂ ಒಟ್ಟಿಗೆ ಎಂಟ್ರಿ ಮಾಡೋದಾದ್ರೆ ಟ್ಯಾಲಿ ಗೋಲ್ಡ್ ಲೈಸೆನ್ಸ್ ಬೇಕು, ಸಿಲ್ವರ್ ಒಬ್ಬರಿಗಷ್ಟೇ. ಕರೆಂಟ್ ಹೋಗಿ ಬಂದಾಗ ಆ ಡೆಸ್ಕ್‌ಟಾಪ್ ತಾನೇ ಆನ್ ಆಗೋ ಹಾಗೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರೋ ಸೆಟ್ಟಿಂಗ್ ಪುಟ) ಸೆಟ್ ಮಾಡಿ. ಇಲ್ಲದಿದ್ರೆ ಭಾನುವಾರ ಆ ಬಟನ್ ಒತ್ತೋಕೆ ಅಂತಲೇ ಯಾರಾದ್ರೂ ಹೋಗಿ ಅಂಗಡಿ ಷಟರ್ ಎತ್ತಬೇಕು.