ಪಕ್ಕದ ಮನೆಯವರ ಮದ್ದು ನಿಮಗೆ ಹಿಡಿಯದಿದ್ದರೆ

ಮಾರ್ಚ್ ಮುಗಿದ ಹೊಸತರಲ್ಲಿ ಒಬ್ಬರು ಬಂದರು. ಬ್ಯಾಂಕಿನಲ್ಲಿ ಕೆಲಸ, ನಲವತ್ತೈದರ ಆಸುಪಾಸು. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳಿದರು: "ಮೇಡಂ, ನಂಗೆ ಧ್ಯಾನ ಮಾಡೋಕೂ ಆಗಲ್ಲ."

ಅವರ ಜೊತೆ ಕೆಲಸ ಮಾಡುವ ಒಬ್ಬರು ಬೆಳಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತಾರಂತೆ. ಇಡೀ ದಿನ ತಣ್ಣಗಿರುತ್ತಾರಂತೆ. ಇವರೂ ಮೂರು ವಾರ ಎದ್ದರು. ಕಣ್ಣು ಮುಚ್ಚಿದ ಕೂಡಲೇ ಎದೆಬಡಿತ ಕೇಳಿಸತೊಡಗುತ್ತಿತ್ತು. ಕೇಳಿಸಿದ ಮೇಲೆ ಎಣಿಸಬೇಕು ಅನಿಸುತ್ತಿತ್ತು. ಎಣಿಸುತ್ತಾ ಕೂತರೆ ನಡುವೆ ಒಂದು ತಪ್ಪಿತೇನೋ ಎಂಬ ಅನುಮಾನ. ಅಪ್ಪ ಐವತ್ತೆರಡಕ್ಕೆ ಹೃದಯಾಘಾತದಿಂದ ಹೋದವರು. ಅರ್ಧ ಗಂಟೆ ಮುಗಿಸಿ ಏಳುವಾಗ ಬನಿಯನ್ ಒದ್ದೆ. ಕೊನೆಗೆ ತಮ್ಮಲ್ಲೇ ಏನೋ ದೋಷ ಇದೆ ಎಂದು ತೀರ್ಮಾನಿಸಿಕೊಂಡು ನನ್ನ ಹತ್ತಿರ ಬಂದಿದ್ದರು.

ಆಪ್ತಸಮಾಲೋಚಕಿಯಾಗಿ ಹದಿನೆಂಟು ವರ್ಷಗಳಿಂದ ಕೂತಿದ್ದೇನೆ. ಒತ್ತಡದಲ್ಲಿರುವವರನ್ನು ನೋಡಿ ರೂಢಿಯಾಗಿದೆ. ಆದರೆ ಒತ್ತಡದ ಮೇಲೆ ಇನ್ನೊಂದು ಮೂಟೆ ಹೊತ್ತು ಬರುತ್ತಾರಲ್ಲ, 'ಎಲ್ಲರಿಗೂ ಹಿಡಿದ ಮದ್ದು ನನಗೆ ಹಿಡಿಯಲಿಲ್ಲ' ಎಂಬ ಮೂಟೆ, ಅದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಸಿಟ್ಟು ಅವರ ಮೇಲಲ್ಲ. 'ಇದನ್ನು ಮಾಡು, ಖಂಡಿತ ಸರಿಹೋಗುತ್ತೆ' ಎಂದು ಸಿಕ್ಕಸಿಕ್ಕವರಿಗೆ ಹೇಳುವವರ ಮೇಲೆ.

ಉಸಿರಾಟದ ಅಭ್ಯಾಸ ಸುಳ್ಳಲ್ಲ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಚೂರು ಜೋರಾಗುತ್ತದೆ, ಬಿಡುವಾಗ ಚೂರು ನಿಧಾನವಾಗುತ್ತದೆ. ಅದಕ್ಕೇ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಟ್ಟರೆ ತುಂಬಾ ಜನರಿಗೆ ಹಿತ ಅನಿಸುತ್ತದೆ. ಆದರೆ ತನ್ನ ಎದೆಬಡಿತಕ್ಕೇ ಹೆದರುವ ಮನುಷ್ಯನನ್ನು ಅದರ ಮುಂದೆಯೇ ಕೂರಿಸಿ, ಕಣ್ಣು ಮುಚ್ಚಿಸಿದರೆ? ವಿಶ್ರಾಂತಿಯ ಅಭ್ಯಾಸವೇ ಕೆಲವರಲ್ಲಿ ಆತಂಕ ಹೆಚ್ಚಿಸುತ್ತದೆ ಎಂದು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಅಂದರೆ ಈ ಬ್ಯಾಂಕಿನವರು ಮೊದಲಿಗರೂ ಅಲ್ಲ, ಕೈಲಾಗದವರೂ ಅಲ್ಲ.

ಅದೇ ಕಾಲದ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. 1983ರಲ್ಲಿ ಸುಝಾನ್ ಮಿಲ್ಲರ್ ಮತ್ತು ಚಾರ್ಲ್ಸ್ ಮ್ಯಾಂಗನ್ ಎಂಬ ಸಂಶೋಧಕರು ಗರ್ಭಕೊರಳಿನ ತಪಾಸಣೆಗೆ ಬಂದ ಹೆಂಗಸರಲ್ಲಿ ಕೆಲವರಿಗೆ ಮುಂದೆ ಏನೇನು ಮಾಡುತ್ತಾರೆ ಎಂದು ವಿವರವಾಗಿ ಹೇಳಿದರು, ಕೆಲವರಿಗೆ ತುಸು ಮಾತ್ರ ಹೇಳಿದರು. ಎಲ್ಲವನ್ನೂ ತಿಳಿದುಕೊಂಡರೆ ಸಮಾಧಾನ ಅನ್ನುವ ಸ್ವಭಾವದವರಿಗೆ ವಿವರ ಸಿಕ್ಕಾಗ ಕಳವಳ ಕಡಿಮೆ ಇತ್ತು. ಅದರ ಯೋಚನೆಯೇ ಬೇಡ, ಬೇರೇನಾದರೂ ಮಾತಾಡೋಣ ಅನ್ನುವವರಿಗೆ ವಿವರ ಸಿಗದಿದ್ದಾಗಲೇ ಒಳ್ಳೆಯದಾಯಿತು. ಇದನ್ನು ಆಸ್ಪತ್ರೆಯ ಕಾರಿಡಾರ್‌ನಲ್ಲಿ ನೀವೂ ನೋಡಿರುತ್ತೀರಿ. ಅಪ್ಪನ ಆಪರೇಷನ್ ದಿನ ಅಣ್ಣ ಒಂದೊಂದೇ ರಿಪೋರ್ಟ್ ತಿರುವಿ ಹಾಕುತ್ತಾನೆ, ತಂಗಿ 'ನಂಗೇನೂ ಹೇಳ್ಬೇಡ' ಎಂದು ಕಾಫಿ ತರಲು ಹೋಗುತ್ತಾಳೆ. ಅವಳಿಗೆ ಚಿಂತೆಯೇ ಇಲ್ಲ ಎಂದು ಅಣ್ಣನಿಗೆ ಕೋಪ. ಚಿಂತೆ ಇಬ್ಬರಿಗೂ ಅಷ್ಟೇ ಇದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಒಬ್ಬ ಗೃಹಿಣಿಯ ವಿಷಯ ಹೇಳಿದರೆ ಸುಲಭವಾಗಿ ಅರ್ಥವಾಗುತ್ತದೆ. (ಗುರುತು ಸಿಗದಂತೆ ಇವರೆಲ್ಲರ ವಿವರ ಬದಲಿಸಿದ್ದೇನೆ.) ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು, ಮಗ ಸೆಕೆಂಡ್ ಪಿಯುಸಿ, ಗಂಡನಿಗೆ ಬೇರೆ ಊರಲ್ಲಿ ಕೆಲಸ. ಅಕ್ಕ ವಾಕಿಂಗ್ ಹೋಗು ಅಂದಿದ್ದರು, ಗೆಳತಿ ಹಾಡು ಕೇಳು ಅಂದಿದ್ದರು. ಎರಡೂ ಆಗಿರಲಿಲ್ಲ. ನಾನು ಕೇಳಿದೆ, "ಈ ಒಂದು ತಿಂಗಳಲ್ಲಿ ಯಾವತ್ತಾದರೂ ಮೈ ಹಗುರ ಅನಿಸಿತ್ತಾ?" ಇಲ್ಲ ಅಂದರು. ನಾನು ಸುಮ್ನೆ ಕಾದೆ. ಸ್ವಲ್ಪ ಹೊತ್ತಿನ ಮೇಲೆ ನಾಚಿಕೊಂಡು ಹೇಳಿದರು: "ಹಿತಕಿದ ಬೇಳೆ ಮಾಡೋವಾಗ."

ನೆನೆಹಾಕಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿತಕಿದರೆ ಬೇಳೆ ಪಳಕ್ಕನೆ ಬಟ್ಟಲಿಗೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅವರು ಅದನ್ನು ಹೇಳುವಾಗ ಮಡಿಲಲ್ಲಿದ್ದ ಕೈ ತಾನಾಗಿಯೇ ಹಿತಕುತ್ತಿತ್ತು. ಭುಜ ಇಳಿದಿತ್ತು. "ಆಗ ಯಾರೂ ನನ್ನ ಕರೆಯಲ್ಲ ಮೇಡಂ. ಕೆಲಸ ಮಾಡ್ತಿದ್ದೀನಿ ಅಂತ ಕಾಣುತ್ತೆ ಅಲ್ವಾ?"

ಸರಿ, ಅವರೆ ಸೊಗಡು ಚಳಿಗಾಲಕ್ಕೆ ಮಾತ್ರ. ಆಮೇಲೆ? ಎಲ್ಲರೂ ಎಡವುವುದು ಇಲ್ಲೇ. ಅವರನ್ನು ಉಳಿಸಿದ್ದು ಅವರೆಕಾಳಲ್ಲ. ಕೈಗೆ ಒಂದೇ ಥರದ ಕೆಲಸ ಇತ್ತು. ಮಾಡಿದ್ದು ಬಟ್ಟಲಲ್ಲಿ ಕಣ್ಣೆದುರು ತುಂಬುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮುಕ್ಕಾಲು ಗಂಟೆ ಯಾರೂ ಏನೂ ಕೇಳುತ್ತಿರಲಿಲ್ಲ. ಇದನ್ನು ಗುರುತಿಸಿದ ಮೇಲೆ ಬೇಸಿಗೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸಿದರು, ಆಮೇಲೆ ಸಂಜೆ ಹೊತ್ತು ಮಲ್ಲಿಗೆ ಕಟ್ಟಿದರು. ಇದೇ ಕತೆ ಕೇಳಿ ನೀವು ನಾಳೆ ಅವರೆಕಾಳು ನೆನೆಹಾಕಿದರೆ ನಾನು ಹೇಳಿದ್ದು ದಂಡ. ಅಡುಗೆಮನೆ ಅಂದರೇ ಉಸಿರುಗಟ್ಟುವವರಿಗೆ ಅದು ಇನ್ನೊಂದು ಹೊರೆ. ನಿಮಗೆ ಹಗುರ ಅನಿಸಿದ ಹೊತ್ತು ಯಾವುದು, ಆಗ ಒಬ್ಬರೇ ಇದ್ದಿರಾ ಜೊತೆಗೆ ಯಾರಾದರೂ ಇದ್ದರಾ, ಮೈ ಓಡಾಡುತ್ತಿತ್ತಾ, ಮಾತಿತ್ತಾ ಮೌನವಿತ್ತಾ? ಅದನ್ನು ನೋಡಿಕೊಳ್ಳಿ.

ಆ ಕ್ಷಣಕ್ಕೆ ಹಿತವಾದದ್ದೆಲ್ಲ ಮದ್ದಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದರೂ ಹಿತ, ಎರಡು ಪೆಗ್ ಹಾಕಿದರೂ ಹಿತ, ಮಕ್ಕಳ ಮೇಲೆ ಕೂಗಾಡಿದರೂ ಒಂದು ಕ್ಷಣ ಹಗುರ. ಅದಕ್ಕೆ ನಾನು ಎರಡು ವಾರ ನೋಟ್‌ಬುಕ್ ಇಡಲು ಹೇಳುತ್ತೇನೆ: ಏನು ಮಾಡಿದಿರಿ, ಎರಡು ಗಂಟೆ ಬಿಟ್ಟು ಹೇಗಿದ್ದಿರಿ, ರಾತ್ರಿ ನಿದ್ದೆ ಹೇಗಿತ್ತು. ಎರಡು ಗಂಟೆ ಎಂಬುದು ನನ್ನ ರೂಢಿ ಅಷ್ಟೇ, ಶಾಸ್ತ್ರದ ಲೆಕ್ಕವಲ್ಲ.

ಬ್ಯಾಂಕಿನವರನ್ನು ಮೊದಲು ವೈದ್ಯರ ಹತ್ತಿರ ಕಳಿಸಿದೆ. ಅಪ್ಪನ ಕತೆ ಹಾಗಿರುವಾಗ ಎದೆ ಡವಡವ ಅಂದರೆ ಮನಸ್ಸಿನದ್ದೇ ಎಂದು ಕೈತೊಳೆದುಕೊಳ್ಳುವುದು ತಪ್ಪು. ಥೈರಾಯ್ಡ್, ರಕ್ತಹೀನತೆಯಿಂದಲೂ ಹಾಗಾಗಬಹುದು. ಇನ್ನೊಂದು ಎಚ್ಚರಿಕೆ. ಎರಡು ವಾರಕ್ಕೂ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನಿಸುತ್ತಿದೆ ಅಂದರೆ ಈ ನೋಟ್‌ಬುಕ್ ಸಾಕಾಗುವುದಿಲ್ಲ. ಬದುಕೇ ಬೇಡ ಅನಿಸಿದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ವೈದ್ಯರು ಹೃದಯ ಚೆನ್ನಾಗಿದೆ ಅಂದರು. ಎರಡು ವಾರ ಬಿಟ್ಟು ಆತ ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ಗೆರೆ ಎಳೆದು, ಥೇಟ್ ಲೆಡ್ಜರ್ ಥರ. ಬೈಕ್ ಸರ್ವಿಸ್‌ಗೆ ಬಿಟ್ಟಿದ್ದ ನಾಲ್ಕು ದಿನ ಕ್ಯಾಷಿಯರ್ ಜೊತೆ ಬಸ್‌ಸ್ಟ್ಯಾಂಡ್‌ವರೆಗೆ ನಡೆದಿದ್ದರು. ದಾರಿಯುದ್ದಕ್ಕೂ ಬರೀ ಕ್ರಿಕೆಟ್ ಮಾತು. ಆ ನಾಲ್ಕೂ ರಾತ್ರಿಯ ಮುಂದೆ 'ಹತ್ತೂವರೆಗೆ ನಿದ್ದೆ' ಎಂದಿತ್ತು. ಬೈಕ್ ಬಂದ ಮೇಲೂ ನಡೆಯುವುದನ್ನು ಬಿಟ್ಟಿರಲಿಲ್ಲ.

ಆದರೆ ಆ ಕ್ಯಾಷಿಯರ್‌ಗೆ ಮುಂದಿನ ತಿಂಗಳು ವರ್ಗವಂತೆ. "ಆಮೇಲೆ ಯಾರ ಜೊತೆ ನಡೀಲಿ ಮೇಡಂ?" ಎಂದು ಕೇಳಿದರು. ಅವರಿಗೆ ಬೇಕಾಗಿದ್ದು ನಡಿಗೆಯೋ, ಮಾತೋ, ಬ್ಯಾಂಕಿನ ಸುದ್ದಿ ಇಲ್ಲದ ಇಪ್ಪತ್ತು ನಿಮಿಷವೋ? ಅವತ್ತು ಪೂರ್ತಿ ಅದನ್ನೇ ಮಾತಾಡಿದೆವು.